ದೊಣ್ಣೆಯಿಲ್ಲದ ನಾಯಕ

ಬೆಂಚಿನ ಮೇಲೆ ಮನುಷ್ಯರು ಕೂತಿರಲಿಲ್ಲ, ಸಾಮಾನುಗಳು ಕೂತಿದ್ದವು. ಮೊದಲು ಒಂದು ನೀರಿನ ಬಾಟಲಿ, ಅದರ ಪಕ್ಕ ಮಡಿಸಿದ ಕೊಡೆ, ಆಮೇಲೆ ಕನ್ನಡಕದ ಡಬ್ಬಿ, ನಾಲ್ಕನೆಯದಾಗಿ ಅವನ ಹೆಂಡತಿಯ ಬೀಗದಕೈ ಗೊಂಚಲು, ಹಿಂದೆ ಇನ್ನೂ ಏನೇನೋ, ಕೊನೆಗೆ ಯಾರದೋ ಒಂಟಿ ಚಪ್ಪಲಿ. ಒಂದೊಂದರ ಕೆಳಗೂ ಆಸ್ಪತ್ರೆಯ ಹಳದಿ ಚೀಟಿ. ಡಾಕ್ಟರ ಕೋಣೆ ತೆರೆಯುವುದು ಒಂಬತ್ತಕ್ಕೆ. ಏಳೂವರೆಗೇ ಬಂದ ಜನ ಹೀಗೆ ತಮ್ಮ ಬದಲು ಸಾಮಾನನ್ನು ಸಾಲಿನಲ್ಲಿ ಕೂರಿಸಿ, ತಾವು ಕಿಟಕಿಯ ಹತ್ತಿರ ನಿಂತು ಆಕಳಿಸುತ್ತಿದ್ದರು. ಎಷ್ಟೋ ವರ್ಷದಿಂದ ನಡೆದುಬಂದ ಏರ್ಪಾಡಂತೆ, ಒಂದು ದಿನಕ್ಕೂ ಜಗಳವಾಗಿಲ್ಲವಂತೆ. ಹಾಗಂತ ಕೊಡೆಯ ಒಡೆಯನಾದ ದರ್ಜಿ, ಹೆಂಡತಿಯನ್ನು ಡಾಕ್ಟರಿಗೆ ತೋರಿಸಲು ಬಂದಿದ್ದ ಅವನಿಗೆ ಹೇಳಿದ. ಕೇಳಿದ್ದೇ ಅವನಿಗೆ ಮೈಯೆಲ್ಲ ತುರಿಸಿದ ಹಾಗಾಯಿತು. ಜಗಳವಾಗದೇ ಇರುವುದೂ ಒಂದು ವ್ಯವಸ್ಥೆಯೇ? ಯಾರಾದರೂ ಕೊಡೆ ಎತ್ತಿಕೊಂಡು ಹೋದರೆ? ಕಸ ಗುಡಿಸುವವಳು ಆ ಒಂಟಿ ಚಪ್ಪಲಿಯನ್ನು ಆಚೆ ಎಸೆದರೆ, ಪಾಪ, ಒಬ್ಬ ರೋಗಿಯನ್ನೇ ಎಸೆದ ಹಾಗಲ್ಲವೇ? ಅವನ ಅಂಗಿಯ ಜೇಬಿನಲ್ಲಿ ಒಂದೇ ಕಡೆ ಅಚ್ಚಾದ ಕರಡು ಹಾಳೆ ನಾಲ್ಕಾಗಿ ಮಡಿಸಿಕೊಂಡು ಯಾವಾಗಲೂ ಇರುತ್ತಿತ್ತು. ಕೆಂಪು ಪೆನ್ನೂ ಇರುತ್ತಿತ್ತು. ಹೆಂಡತಿ ಮೆಲ್ಲಗೆ ಅವನ ತೋಳು ಹಿಡಿದು, ‘ರೀ, ಬೇಡ,’ ಅಂದಳು. ಅಷ್ಟು ಹೊತ್ತಿಗೆ ಅವನು ಹಾಳೆಯ ಖಾಲಿ ಬದಿಯಲ್ಲಿ ಗೆರೆ ಎಳೆದಾಗಿತ್ತು.

ಪ್ರೆಸ್ಸಿನಲ್ಲಿ ಅವನಿಗೆ ಕೆಂಪಿಂಕು ಅಂತಲೇ ಹೆಸರು. ಇಪ್ಪತ್ತೆಂಟು ವರ್ಷದಿಂದ ಕರಡು ತಿದ್ದುವ ಕೆಲಸ. ತಿದ್ದಬೇಕಾದ್ದು ಅಕ್ಷರ. ಅವನು ವಾಕ್ಯ ತಿದ್ದುತ್ತಿದ್ದ, ವಾಕ್ಯ ಮುಗಿದ ಮೇಲೆ ಬರೆದವನ ಅಭಿಪ್ರಾಯ ತಿದ್ದುತ್ತಿದ್ದ. ಒಮ್ಮೆ ಯಾರದೋ ಮದುವೆಯ ಕರೆಯೋಲೆಯ ಅಂಚಿನಲ್ಲಿ ‘ಇಷ್ಟು ಜನಕ್ಕೆ ಈ ಸಭಾಂಗಣ ಸಾಲದು, ಮರುಪರಿಶೀಲಿಸಿ’ ಎಂದು ಬರೆದು ಕಳಿಸಿದ್ದ. ‘ನಿನಗೆ ಸಂಬಳ ಕೊಡೋದು ಕಾಗುಣಿತಕ್ಕೆ ಕಣಯ್ಯಾ, ಕಾರುಬಾರಿಗಲ್ಲ,’ ಎಂದಿದ್ದರು ಪ್ರೆಸ್ಸಿನ ಯಜಮಾನರು. ಇಂಥ ಮಾತುಗಳು ಅವನ ಹತ್ತಿರ ಒಂದು ಸಣ್ಣ ನಿಘಂಟಾಗುವಷ್ಟಿದ್ದವು. ಶಾಲೆಯಲ್ಲಿ ಮೇಷ್ಟ್ರು ಬರುವ ಮುಂಚೆ ತಾನೇ ಎದ್ದು ಹಾಜರಿ ಕೂಗಿದ್ದಕ್ಕೆ ಅಧಿಕಪ್ರಸಂಗಿ. ಅಣ್ಣನ ಬಾಯಲ್ಲಿ ಪುಢಾರಿ. ಮಾವನವರು ಸ್ವಲ್ಪ ಓದಿಕೊಂಡವರು, ಅಳಿಯ ತಮ್ಮ ಮನೆಯ ಕಪಾಟನ್ನು ತೆಗೆದು ಬೇರೆ ಗೋಡೆಗೆ ಇಡಿಸಿದ ದಿನ, ‘ಏನು ಪಾರುಪತ್ಯವೋ ಮಹರಾಯಾ’ ಎಂದು ಕೈಮುಗಿದಿದ್ದರು. ಅಮ್ಮನದು ಒಂದೇ ಮಾತು, ‘ಊರ ಉಸಾಬರಿ ನಿಂಗ್ಯಾಕೋ.’ ಬೀದಿಯಲ್ಲಿ ಎರಡು ಲಾರಿ ಎದುರಾಗಿ ಸಿಕ್ಕಿಹಾಕಿಕೊಂಡಾಗ ಇವನು ನಡುವೆ ನಿಂತು ಕೈ ಬೀಸಿದ್ದಕ್ಕೆ ಒಬ್ಬ ಡ್ರೈವರ್ ತಲೆ ಹೊರಗೆ ಹಾಕಿ, ‘ನೀನ್ಯಾವನಯ್ಯಾ ದೊಣ್ಣೆನಾಯಕ!’ ಎಂದಿದ್ದ. ಎಲ್ಲದರ ಪೈಕಿ ಅವನಿಗೆ ಇದೇ ಇಷ್ಟ. ಮಿಕ್ಕ ಮಾತುಗಳಲ್ಲಿ ಬರೀ ಬೈಗುಳ, ಇದರಲ್ಲಿ ಒಂದು ದೊಣ್ಣೆಯಾದರೂ ಇದೆ. ಆದರೆ ಅವನ ಕೈಗೆ ಯಾರೂ ದೊಣ್ಣೆ ಕೊಟ್ಟಿರಲಿಲ್ಲ. ಅಪ್ಪ ಸತ್ತ ದಿನ ಹೆಗಲು ಕೊಡುವ ನಾಲ್ವರನ್ನು ಎತ್ತರ ನೋಡಿ ಅದಲುಬದಲು ಮಾಡಿ ನಿಲ್ಲಿಸಿದ್ದ, ಅಪ್ಪ ಒಂದು ಕಡೆಗೆ ವಾಲಬಾರದು ಅಂತ. ‘ಎಡಗಡೆ ಸ್ವಲ್ಪ ಮೇಲೆ, ಮೇಲೆ!’ ಎನ್ನುತ್ತ ಹಿಂದುಮುಂದಾಗಿ ನಡೆಯುತ್ತಿದ್ದವನ ಹತ್ತಿರ ಅಣ್ಣ ಬಂದು ಕಿವಿಯಲ್ಲಿ, ‘ಅಪ್ಪ ಸತ್ತಿದ್ದಾರೆ ಕಣೋ. ಪುರುಸೊತ್ತು ಮಾಡ್ಕೊಂಡು ಒಂದು ಸ್ವಲ್ಪ ಅಳು,’ ಅಂದ. ಪುರುಸೊತ್ತು ಆಗಲೇ ಇಲ್ಲ. ಆ ಅಳು ಇನ್ನೂ ಹಾಗೇ ಬಾಕಿ ಇದೆ.

‘ನಂಬರ್ ಒಂದು, ಬಾಟಲಿ ಯಾರದ್ರೀ?’ ಎಂದು ಅವನು ಕೂಗಿದ. ಕಿಟಕಿಯ ಹತ್ತಿರದವರು ತಿರುಗಿ ನೋಡಿದರು. ಒಂದು ಕ್ಷಣ ಎಲ್ಲ ಅಲ್ಲೇ ನಿಲ್ಲಬಹುದಿತ್ತು. ಯಾರಾದರೂ ಒಬ್ಬರು ನಕ್ಕಿದ್ದರೆ ಸಾಕಿತ್ತು, ಹಾಳೆ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಯಾರೂ ನಗಲಿಲ್ಲ. ಬಾಟಲಿಯವನು ಕೈ ಎತ್ತಿದ. ಈ ಜಗತ್ತಿನ ಗುಟ್ಟೇ ಇದು, ಅವನು ಎಷ್ಟೋ ಸಲ ಕಂಡುಕೊಂಡದ್ದು: ಕೈಯಲ್ಲಿ ಹಾಳೆ ಹಿಡಿದು ಕೂಗಿದವನಿಗೆ ಜನ ಕೈ ಎತ್ತುತ್ತಾರೆ, ನೀನು ಯಾರು ಅಂತ ಆಮೇಲೆ ಕೇಳುತ್ತಾರೆ. ಒಂಬತ್ತಕ್ಕೆ ಸಿಸ್ಟರ್ ಬರುವ ಹೊತ್ತಿಗೆ ಇಪ್ಪತ್ತಮೂರು ಹೆಸರು ಮಟ್ಟಸವಾಗಿ ಕೂತಿದ್ದವು. ಆಕೆ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, ‘ಪರವಾಗಿಲ್ವೇ! ನೀವೇ ಕೂಗಿಬಿಡಿ, ನನ್ನ ಗಂಟಲು ಉಳೀತು,’ ಅಂದಳು. ಅವನಿಗೆ ಕಿವಿಯ ತುದಿ ಬಿಸಿಯಾಯಿತು. ಅದೇ ಹುರುಪಿನಲ್ಲಿ ಇನ್ನೊಂದು ಹಾಳೆ ತೆಗೆದು ‘ಒಬ್ಬ ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ’ ಎಂದು ದಪ್ಪಗೆ ಬರೆದು ಡಾಕ್ಟರ ಬಾಗಿಲಿಗೆ ಅಂಟಿಸಿದ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ವಾಚ್‌ಮನ್ನನಿಗೆ ಅದನ್ನು ಎರಡು ಸಲ ಓದಿ ಹೇಳಿದ. ‘ಯಾರೇ ಬರಲಿ, ದೇವರೇ ಬರಲಿ, ಒಬ್ಬರ ಜೊತೆ ಒಬ್ಬರೇ. ತಿಳೀತಾ?’ ಇಷ್ಟು ದಿನ ಸುಮ್ಮನೆ ಕೂತು ಬೇಸತ್ತಿದ್ದ ವಾಚ್‌ಮನ್ ಎದ್ದು ನಿಂತು ಬೆಲ್ಟು ಬಿಗಿಮಾಡಿಕೊಂಡ.

ಹೆಂಡತಿ ಗೋಡೆಯ ಕಡೆಯ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಪಕ್ಕದ ಕುರ್ಚಿ ಖಾಲಿ. ಅವನು ಆ ಕಡೆ ನೋಡುತ್ತಿರಲಿಲ್ಲ, ನೋಡುತ್ತಿಲ್ಲ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗ್ಗೆ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದ್ದಳು, ‘ನೀವು ಇವತ್ತು ಏನೂ ಮಾಡಬೇಡಿ. ನಾನು ಒಳಗೆ ಹೋಗುವಾಗ ಜೊತೆಗೆ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ, ಅಷ್ಟು ಸಾಕು.’ ಅವನು, ‘ಅದೇನು ದೊಡ್ಡ ವಿಷಯ, ಡಾಕ್ಟರ್ ಹತ್ರ ಏನೇನು ಕೇಳಬೇಕು ಅಂತ ಹದಿನಾಲ್ಕು ಪ್ರಶ್ನೆ ಬರೆದಿಟ್ಟಿದ್ದೀನಿ,’ ಅಂದ. ‘ಪ್ರಶ್ನೆ ಬೇಡ. ಕೂತ್ಕೊಳ್ಳಿ,’ ಅಂದಳು. ಸ್ತನದಲ್ಲಿ ಗಂಟಿದೆ ಎಂದು ಅವಳು ಮೊದಲು ಹೇಳಿದ್ದು ಅಡುಗೆಮನೆಯಲ್ಲಿ, ಹಾಲು ಉಕ್ಕದ ಹಾಗೆ ಒಲೆಯ ಕಡೆ ಒಂದು ಕಣ್ಣಿಟ್ಟುಕೊಂಡು. ‘ಎಷ್ಟಿದೆ?’ ಎಂದು ಕೇಳಿದ್ದ. ಹಾಗೇ ಕೇಳಿದ್ದ ಅವನು, ಎಷ್ಟನೇ ಪುಟ ಅನ್ನುವ ಹಾಗೆ. ಕಡಲೆಕಾಳಿನಷ್ಟು ಅಂದಳು. ಅವನ ಕೈ ಹಿಡಿದು ತನ್ನ ಎದೆಯ ಕಡೆಗೆ ತಂದಳು, ಇಲ್ಲಿ ನೋಡಿ ಅಂತ. ಅವನು ಕೈ ಬಿಡಿಸಿಕೊಂಡು ಡೈರಿ ತರಲು ಹೋದ. ತಾರೀಖು ಬರೆದ, ಗಾತ್ರ ಕಡಲೆಕಾಳು ಎಂದು ಬರೆದ, ಭಾವಮೈದುನನಿಗೆ ಫೋನು ಮಾಡಿದ, ಮೂರು ಆಸ್ಪತ್ರೆ ವಿಚಾರಿಸಿದ. ವಾಪಸು ಬಂದಾಗ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ಯಾವತ್ತೂ ಹಾಲು ಉಕ್ಕಿಸಿದವಳಲ್ಲ ಅವಳು. ಅದನ್ನೂ ಅವನೇ ಒರೆಸಿದ, ಬಟ್ಟೆ ಹೇಗೆ ಮಡಿಸಿ ಒರೆಸಬೇಕು ಎಂದು ಹೇಳುತ್ತ. ಹೋದ ವಾರ ಇಲ್ಲಿಯ ಲ್ಯಾಬಿನಲ್ಲಿ ಗಂಟಿಗೆ ಸೂಜಿ ಹಾಕಿ ಪರೀಕ್ಷೆಗೆ ತೆಗೆದುಕೊಂಡಿದ್ದರು, ಇವತ್ತು ಫಲಿತಾಂಶ. ಅವನು ಮಾತ್ರ ಗಂಟನ್ನು ಇವತ್ತಿನವರೆಗೂ ಮುಟ್ಟಿಲ್ಲ.

‘ಯಾರ್ರೀ ನಿಮ್ಮನ್ನ ನೇಮಿಸಿದ್ದು?’

ಕೇಳಿದವರು ಒಂಬತ್ತನೇ ನಂಬರಿನ ಹೆಡ್‌ಮಿಸ್ಸು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ದನಿ ಇನ್ನೂ ಮೈದಾನದ ಕೊನೆಯವರೆಗೆ ಕೇಳಿಸುವಂಥದ್ದು. ಒಬ್ಬರೇ ಬಂದಿದ್ದರು. ಅವನು ಹಾಳೆ ತೋರಿಸಿದ. ‘ಹಾಳೆ ಕಾಣುತ್ತೆ. ನೇಮಿಸಿದ್ದು ಯಾರು ಅಂದೆ. ಮೂವತ್ತು ವರ್ಷ ಮಕ್ಕಳನ್ನ ಸಾಲಾಗಿ ನಿಲ್ಲಿಸಿದೋಳು ನಾನು. ನಾನು ಸುಮ್ಮನೆ ಕೂತಿಲ್ವಾ?’ ಜನರಿಗೆ ಅನುಕೂಲವಾಗಲಿ ಅಂತ, ಎಂದು ಅವನು ಏನೋ ಗೊಣಗಿದ. ಹೆಡ್‌ಮಿಸ್ಸು ಹಾಳೆಯನ್ನು ಇಸಿದುಕೊಂಡು ಕನ್ನಡಕ ಏರಿಸಿದರು. ‘ನಾಲ್ಕನೇ ನಂಬರ್ರು ಯಾರು? ನಿಮ್ಮ ಮನೆಯೋರಾ? ಭೇಷ್! ಚೆನ್ನಾಗಿದೆ ಕಣ್ರೀ ದರ್ಬಾರು!’ ಹಿಂದಿನಿಂದ ಯಾರೋ ಕಿಸಕ್ಕೆಂದರು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎಂದು ದರ್ಜಿ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಹೆಂಡತಿ ನಾಲ್ಕನೆಯವಳಾಗಿಯೇ ಬಂದಿದ್ದಳು, ಬೀಗದಕೈ ಗೊಂಚಲು ನಾಲ್ಕನೆಯ ಜಾಗದಲ್ಲಿಯೇ ಇತ್ತು, ಸಾಕ್ಷಿಗೆ ದರ್ಜಿಯೇ ಇದ್ದ. ಹೇಳಬಹುದಿತ್ತು. ಆದರೆ ಮುಖ ಕಾದುಹೋಗಿತ್ತು, ಹಾಳೆಯ ಮರ್ಯಾದೆ ಹೋಗುತ್ತಿತ್ತು. ಮರ್ಯಾದೆ ಉಳಿಸಿಕೊಳ್ಳಲು ಹೋದವನಿಗೆ ಬುದ್ಧಿ ಉಳಿಯುವುದಿಲ್ಲ. ಕೆಂಪು ಪೆನ್ನು ತೆಗೆದು ನಾಲ್ಕನೆಯ ಹೆಸರಿನ ಮೇಲೆ ಅಡ್ಡಗೆರೆ ಎಳೆದ, ಹಾಳೆಯ ತಳದಲ್ಲಿ ಇಪ್ಪತ್ತಮೂರು ಎಂದು ಹಾಕಿ ಅವಳ ಹೆಸರು ಬರೆದ, ಹಿಂದಿನವರ ನಂಬರನ್ನೆಲ್ಲ ಒಂದೊಂದು ಮೇಲಕ್ಕೇರಿಸಿದ. ‘ತಗೊಳ್ಳಿ. ಈಗ ಸಮಾಧಾನ ಆಯ್ತಾ?’ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಳೆ ಎತ್ತಿ ಹಿಡಿದ. ಹೆಡ್‌ಮಿಸ್ಸು ಎಂಟನೆಯವರಾದರು. ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಅವರು ಮೊದಲ ಸಲ ತಿರುಗಿ ಗೋಡೆಯ ಕಡೆಯ ಕುರ್ಚಿಯಲ್ಲಿ ಕೂತಿದ್ದ ಹೆಂಗಸನ್ನು ನೋಡಿದರು.

ಅವನೂ ನೋಡಿದ. ಅವಳು ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಎದ್ದು ಬಂದು, ಬೆಂಚಿನ ಮೇಲೆ ಇನ್ನೂ ಇದ್ದ ತನ್ನ ಬೀಗದಕೈ ಗೊಂಚಲನ್ನು ಎತ್ತಿಕೊಂಡು ಚೀಲಕ್ಕೆ ಹಾಕಿ, ಹೋಗಿ ಮತ್ತೆ ಕೂತಳು. ಮದುವೆಯಾದ ಹೊಸದರಲ್ಲಿ ಅವಳಿಗೆ ದೂರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕ ಕಾಗದ ಬಂದಿತ್ತು. ಅವನು ತಾನೇ ಉತ್ತರ ಬರೆದು, ಸುಂದರವಾದ ಅಕ್ಷರದಲ್ಲಿ, ಬರಲಾಗುವುದಿಲ್ಲ ಎಂದು ಅಂಚೆಗೆ ಹಾಕಿ ಬಂದಿದ್ದ. ಅವಳಿಗೆ ಪ್ರಯಾಣದ ಆಯಾಸ ಬೇಡ ಅಂತ. ಅವತ್ತೂ ಅವಳು ‘ಹೌದಾ’ ಅಂತ ಅಷ್ಟೇ ಅಂದಿದ್ದಳು. ಇಷ್ಟು ವರ್ಷದ ‘ಹೌದಾ’ಗಳನ್ನೆಲ್ಲ ಒಂದು ಕಡೆ ಪೇರಿಸಿದರೆ ಎಷ್ಟಾಗಬಹುದು ಎಂದು ಅವನಿಗೆ ಯಾಕೋ ಈ ಆಸ್ಪತ್ರೆಯ ಹಜಾರದಲ್ಲಿ, ಆರನೇ ನಂಬರನ್ನು ಕೂಗುತ್ತಿರುವಾಗ ಅನ್ನಿಸಿತು. ಆರು ಎಂದು ಇನ್ನೊಂದು ಸಲ ಕೂಗಿದ.

ಹನ್ನೊಂದಕ್ಕೆ ಸಿಸ್ಟರ್ ಹೊರಗೆ ಬಂದು ಚಪ್ಪಾಳೆ ತಟ್ಟಿದಳು. ಡಾಕ್ಟರು ಹನ್ನೆರಡೂವರೆಗೆ ಆಪರೇಷನ್‌ಗೆ ಹೋಗಬೇಕು, ಇವತ್ತು ಹದಿನೈದು ಜನ ಅಷ್ಟೇ, ಮಿಕ್ಕವರು ಸೋಮವಾರ ಬನ್ನಿ. ಅವತ್ತು ಶುಕ್ರವಾರ. ಅವಳು ಈಗ ಇಪ್ಪತ್ತಮೂರನೆಯವಳು. ಮೂರು ದಿನ, ಮೂರು ದಿನ ಅವಳು ಆ ಕಡಲೆಕಾಳನ್ನು ಎದೆಯಲ್ಲಿಟ್ಟುಕೊಂಡು ಅನ್ನ ಬಡಿಸುತ್ತ ಓಡಾಡಬೇಕು, ಅವನು ನೋಡಬೇಕು. ಬಾಯಿಬಿಟ್ಟು ಕೇಳಿದರೆ ಮುಗಿಯಿತು: ತಪ್ಪಾಯ್ತಮ್ಮಾ, ಇವಳು ನಾಲ್ಕನೆಯವಳು, ಒಳಗೆ ಬಿಡಿ. ಆದರೆ ಕೇಳುವುದು ಹೇಗೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಜೀವಮಾನದಲ್ಲಿ ಅವನು ಹೇಳಿದ್ದುಂಟು, ತಿದ್ದಿದ್ದುಂಟು, ನಿಂತು ಮಾಡಿಸಿದ್ದುಂಟು, ಕೇಳಿದ್ದಿಲ್ಲ. ‘ಕೆಳಗೆ ರೆಕಾರ್ಡ್ ರೂಮಿಂದ ನಾಲ್ಕು ಫೈಲು ಬರಬೇಕಿತ್ತು, ಅಟೆಂಡರ್ ಇವತ್ತು ರಜಾ, ಯಾರಾದ್ರೂ…’ ಎಂದು ಸಿಸ್ಟರ್ ಮಾತು ಮುಗಿಸುವ ಮೊದಲೇ ಅವನು ಮೆಟ್ಟಿಲಿಳಿಯುತ್ತಿದ್ದ. ಓಡಿಹೋಗುತ್ತಿದ್ದೇನೆ ಎಂದು ಗೊತ್ತಿತ್ತು. ಜೊತೆಗೆ ಒಂದು ಉಪಾಯವೂ ಹೊಳೆದಿತ್ತು. ಅವಳ ಫೈಲನ್ನು ಹುಡುಕಿ ಕಟ್ಟಿನ ಮೇಲ್ಗಡೆ ಇಟ್ಟು ತಂದರೆ ಡಾಕ್ಟರು ತಾವಾಗಿಯೇ ಕರೆಯುತ್ತಾರೆ. ಕೇಳುವುದಕ್ಕಿಂತ ಕದಿಯುವುದು ಎಷ್ಟೋ ಸುಲಭ.

ರೆಕಾರ್ಡ್ ರೂಮಿನಲ್ಲಿ ಮುದುಕನೊಬ್ಬ ಕಡ್ಡಿಯಿಂದ ಹಲ್ಲು ಕೆದಕುತ್ತ ಕೂತಿದ್ದ. ಸಿಸ್ಟರ್‌ಗೆ ಬೇಕೆಂದು ಮೊದಲೇ ತೆಗೆದಿಟ್ಟಿದ್ದ ನಾಲ್ಕು ಫೈಲನ್ನು ಎತ್ತಿ ಮೇಜಿನ ಮೇಲಿಟ್ಟ. ಇವನು, ‘ಇರಲಿ, ಇನ್ನೊಂದು ನೋಡಬೇಕು,’ ಎಂದು ಕಪಾಟಿನ ಸಂದಿಗೆ ನುಗ್ಗಿದ. ಫೈಲುಗಳನ್ನು ಜೋಡಿಸಿದ್ದು ಅಕ್ಷರದ ಕ್ರಮದಲ್ಲೂ ಅಲ್ಲ, ತಾರೀಖಿನ ಕ್ರಮದಲ್ಲೂ ಅಲ್ಲ. ಅಂಥ ಹೊತ್ತಿನಲ್ಲೂ ಅವನ ಕೈ ಸುಮ್ಮನಿರಲಿಲ್ಲ, ತಪ್ಪು ಜಾಗದಲ್ಲಿದ್ದ ಹತ್ತು ಹನ್ನೆರಡು ಫೈಲನ್ನು ಸರಿಯಾದ ಜಾಗಕ್ಕೆ ಸೇರಿಸಿತು. ಸುತ್ತ ಸಾವಿರಾರು ಜನರ ಕಾಯಿಲೆಗಳು ದಾರ ಕಟ್ಟಿಕೊಂಡು ಕೂತಿದ್ದವು, ಅವಳದೊಂದು ಬಿಟ್ಟು. ಧೂಳಿಗೆ ಕಣ್ಣಲ್ಲಿ ನೀರು ಬಂತು, ಧೂಳಿಗೇ ಎಂದುಕೊಂಡ. ಅರ್ಧ ಗಂಟೆಯಾದ ಮೇಲೆ ಮುದುಕ ಕಡ್ಡಿ ತೆಗೆದು, ‘ಯಾರ ಫೈಲು ಸ್ವಾಮೀ ಅದು?’ ಅಂದ. ಇವನು ಹೆಂಡತಿಯ ಹೆಸರು ಹೇಳಿದ. ‘ಅದಾ? ಬೆಳಿಗ್ಗೇನೇ ಮೇಲಕ್ಕೆ ಹೋಯ್ತಲ್ಲ, ಡಾಕ್ಟರ ಮೇಜಿನ ಮೇಲೇ ಇರುತ್ತೆ. ಆಗಿಂದ ಕಪಾಟು ಕೆದರ್ತಾ ಇದ್ದೀರಲ್ಲ, ಒಂದು ಮಾತು ಕೇಳಬಾರದಾ?’

ನಾಲ್ಕು ಫೈಲನ್ನು ಎದೆಗವಚಿಕೊಂಡು ಅವನು ಮೆಟ್ಟಿಲು ಹತ್ತಿ ಬಂದಾಗ ಗೋಡೆಯ ಕಡೆಯ ಎರಡು ಕುರ್ಚಿಯೂ ಖಾಲಿ ಇದ್ದವು. ಅವಳ ಕೈಚೀಲ ಮಾತ್ರ ಇತ್ತು, ಬೆಂಚಿನ ಮೇಲಿನ ಸಾಮಾನಿನ ಹಾಗೆ, ಅವಳ ಬದಲು. ‘ಎಲ್ಲಿ?’ ಅಂದ. ‘ಒಳಗೆ ಹೋದ್ರು ಸಾರ್,’ ಎಂದ, ತೋರಿಸಿಕೊಂಡಾಗಿದ್ದರೂ ಔಷಧದ ಚೀಟಿಗೆ ಕಾಯುತ್ತಿದ್ದ ದರ್ಜಿ. ‘ಹೆಡ್‌ಮಿಸ್ಸು ತಮ್ಮ ನಂಬರ್ ಬಿಟ್ಟುಕೊಟ್ರು. ನಿಮ್ಮನ್ನ ಎಷ್ಟು ಕೂಗಿದ್ವಿ! ಕೊನೆಗೆ ಆಯಮ್ಮನೇ ಜೊತೆಗೆ ಹೋದ್ರು.’ ಅವನು ಬಾಗಿಲಿಗೆ ನುಗ್ಗಿದ. ವಾಚ್‌ಮನ್ನನ ಕೈ ಅಡ್ಡ ಬಂತು.

‘ಸಾರ್, ಒಬ್ಬರ ಜೊತೆ ಒಬ್ಬರೇ.’

‘ಅಯ್ಯೋ, ನನ್ನ ಹೆಂಡ್ತಿ ಕಣಯ್ಯಾ ಒಳಗಿರೋದು!’

‘ಒಬ್ಬರು ಆಗಲೇ ಹೋಗಿದ್ದಾರೆ ಸಾರ್. ದೇವರೇ ಬಂದ್ರೂ ಬಿಡಬೇಡ ಅಂದೋರು ನೀವೇ.’

ಹಂಗಿಸುವ ಮಾತಾಗಿರಲಿಲ್ಲ ಅದು. ಪಾಪ, ಆ ಮನುಷ್ಯ ನಿಜವಾಗಿ ಕರ್ತವ್ಯ ಮಾಡುತ್ತಿದ್ದ, ಎಷ್ಟೋ ದಿನದ ಮೇಲೆ ಮಾಡಲು ಒಂದು ಕರ್ತವ್ಯ ಸಿಕ್ಕಿತ್ತು. ಮಾಡಿದ್ದುಣ್ಣೋ ಮಹರಾಯ. ಇಂಗು ತಿಂದ ಮಂಗನ ಹಾಗೆ ಅವನು ತನ್ನದೇ ಕೈಬರಹದ ಮುಂದೆ ನಿಂತ. ಅಕ್ಷರಗಳು ಎಷ್ಟು ದುಂಡಗಿದ್ದವು, ‘ಮಾತ್ರ’ ಅನ್ನುವುದರ ಕೆಳಗೆ ಎರಡು ಗೆರೆ ಬೇರೆ. ಬಾಗಿಲಿನ ಮಸುಕು ಗಾಜಿನಲ್ಲಿ ಎರಡು ನೆರಳು ಪಕ್ಕಪಕ್ಕದಲ್ಲಿ ಕೂತಿದ್ದವು. ಒಂದು ನೆರಳು ಇನ್ನೊಂದರ ಹೆಗಲ ಮೇಲೆ ಕೈ ಇಟ್ಟಿತು. ಆಗ ಅವನಿಗೆ ಹೊಳೆಯಿತು: ಹಾಜರಿ ಕೂಗು ಅಂತ ಮೇಷ್ಟ್ರು ಹೇಳಿರಲಿಲ್ಲ, ಕಪಾಟು ಸರಿಸು ಅಂತ ಮಾವ ಹೇಳಿರಲಿಲ್ಲ, ಪಟ್ಟಿ ಮಾಡು ಅಂತ ಈ ಆಸ್ಪತ್ರೆ ಹೇಳಿರಲಿಲ್ಲ. ಐವತ್ತೆಂಟು ವರ್ಷದಲ್ಲಿ ಒಬ್ಬರು, ಒಂದು ಸಲ, ಅವನನ್ನೇ ಬೇಕು ಎಂದು ಕರೆದು ಕೊಟ್ಟ ಕೆಲಸ ಅದೊಂದೇ. ಪಕ್ಕದಲ್ಲಿ ಬಂದು ಕೂತ್ಕೊಳ್ಳಿ ಅನ್ನುವುದು. ಅದನ್ನು ಬಿಟ್ಟು ಮಿಕ್ಕೆಲ್ಲ ಮಾಡಿದ್ದ. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಿದ್ದಳು ಅಮ್ಮ, ಊರಿಗಾದರೂ ಉಪಕಾರ ಎಲ್ಲಿ ಆಯಿತು?

ಬಾಗಿಲು ತೆರೆಯಿತು. ಮೊದಲು ಹೆಡ್‌ಮಿಸ್ಸು ಬಂದರು. ಅವನನ್ನೂ ಅವನ ಫೈಲುಗಳನ್ನೂ ನೋಡಿದರು. ಈ ಸಲ ದನಿ ಮೈದಾನದ್ದಲ್ಲ. ‘ನಾನಾಗೇ ಹೋಗಲಿಲ್ಲ ಮತ್ತೆ. ಅವರು ಕೇಳಿದ್ರು, ಹೋದೆ.’ ಅವನು, ‘ನಿಮ್ಮ ನಂಬರ್ರು ಹೋಯ್ತಲ್ಲಾ,’ ಅಂದ. ‘ಸೋಮವಾರ ಬರ್ತೀನಿ ಬಿಡಿ. ನನಗೇನು, ಒಬ್ಬಳೇ ಇರೋದು,’ ಎಂದು ಅವರು ಕೊಡೆಯ ಪಕ್ಕದಲ್ಲಿದ್ದ ತಮ್ಮ ಕನ್ನಡಕದ ಡಬ್ಬಿ ಎತ್ತಿಕೊಂಡು ಹೋದರು. ಆ ಡಬ್ಬಿ ಬೆಳಿಗ್ಗೆ ಮೂರನೆಯದಾಗಿತ್ತು. ತನ್ನ ಪಟ್ಟಿಯಲ್ಲಿ ಅದು ಒಂಬತ್ತು ಹೇಗಾಯಿತು ಎಂದು ಅವನಿಗೆ ಎಷ್ಟು ನೆನೆದರೂ ನೆನಪಾಗಲಿಲ್ಲ. ಹೆಡ್‌ಮಿಸ್ಸು ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೆಂಡತಿ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಅವನು ಫೈಲುಗಳನ್ನು ವಾಚ್‌ಮನ್ನನ ಸ್ಟೂಲಿನ ಮೇಲಿಟ್ಟು ಬಂದು ಪಕ್ಕದಲ್ಲಿ ಕೂತ. ಬೆಳಗ್ಗೆಯಿಂದ ಖಾಲಿಯಿದ್ದ ಆ ಕುರ್ಚಿ ತಣ್ಣಗಿತ್ತು.

‘ಕೆಟ್ಟದ್ದೇ ಅಂತೆ,’ ಅಂದಳು. ‘ಆದ್ರೆ ಬೇಗ ಸಿಕ್ಕಿದೆಯಂತೆ. ತೆಗೀಬೇಕಂತೆ. ಬುಧವಾರ.’

‘ಬುಧವಾರಾನಾ? ಇನ್ನೊಬ್ಬರಿಗೆ ತೋರಿಸದೆ ಹಾಗೆಲ್ಲ… ನಾನು ಮಾತಾಡ್ತೀನಿ, ನನ್ನ ಹತ್ರ ಹದಿನಾಲ್ಕು…’ ಎಂದು ಅವನು ಅರ್ಧ ಎದ್ದ. ಅವಳು ತಡೆಯಲಿಲ್ಲ, ತೋಳು ಹಿಡಿಯಲಿಲ್ಲ. ಬೆಳಗ್ಗೆ ಹಿಡಿದಿದ್ದ ಕೈ ಈಗ ಅವಳ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅದನ್ನು ನೋಡಿ ಅವನು ತಾನಾಗಿಯೇ ಕೂತ. ಹೆದರಿಕೆಯಾಗುತ್ತಿದೆ ಎಂದು ಹೇಳಬೇಕೆನ್ನಿಸಿತು. ‘ನಂಗೆ ಹೆದರಿಕೆ ಕಣೇ,’ ಅಂದ. ‘ನಂಗೂ,’ ಅಂದಳು. ಇಷ್ಟು ದಿನದಲ್ಲಿ ಗಂಟಿನ ಬಗ್ಗೆ ಅವರಿಬ್ಬರೂ ಆಡಿದ ಮೊದಲ ಮನಸ್ಸಿನ ಮಾತು ಅದು.

ಅವಳ ಕೈಯಲ್ಲಿ ಒಂದು ಫಾರಂ ಇತ್ತು. ಅವನ ಕಣ್ಣು ಅಭ್ಯಾಸಬಲದಿಂದ ಅದರ ಮೇಲೆ ಓಡಿತು, ಶಸ್ತ್ರಚಿಕಿತ್ಸೆ ಎನ್ನುವಲ್ಲಿ ಒಂದು ಒತ್ತು ತಪ್ಪಿತ್ತು, ತಪ್ಪಿದರೆ ತಪ್ಪಲಿ. ಅವಳ ಹೆಸರು, ವಯಸ್ಸು, ವಿಳಾಸ ಎಲ್ಲ ತುಂಬಿತ್ತು, ಅವಳದೇ ಕೈಬರಹ. ಕೆಳಗೆ ‘ರೋಗಿಯ ಜೊತೆಗಿರುವವರು’ ಎಂದು ಅಚ್ಚಾಗಿತ್ತು, ಅದರ ಮುಂದೆ ಒಂದು ಉದ್ದನೆಯ ಗೆರೆ, ಗೆರೆಯ ಮೇಲೆ ಏನೂ ಇಲ್ಲ.

‘ಇಲ್ಲಿ ಯಾಕೆ ಖಾಲಿ ಬಿಟ್ಟೆ?’

‘ಯಾರು ಅಂತ ಕೇಳಿದ್ರು. ಆಮೇಲೆ ಬರೀತೀನಿ ಅಂದೆ.’

ಅವನ ಕೈ ಆಗಲೇ ಜೇಬಿಗೆ ಹೋಗಿತ್ತು, ಪೆನ್ನು ಹೊರಗೆ ಬಂದಿತ್ತು, ಮುಚ್ಚಳ ತೆಗೆದಾಗಿತ್ತು. ಗಂಡ ಅಂದ ಮೇಲೆ ಇನ್ಯಾರು, ಇದರಲ್ಲಿ ಕೇಳುವುದೇನಿದೆ? ಆದರೂ ಪೆನ್ನಿನ ಮೊನೆ ಗೆರೆಯ ಮೇಲೆ ಇಳಿಯಲಿಲ್ಲ. ಬಾಗಿಲ ಬಳಿಯಿಂದ ವಾಚ್‌ಮನ್ ಕೂಗಿದ, ‘ಸಾರ್, ಮುಂದಿನ ನಂಬರ್ ಯಾರದು? ಸಾರ್!’ ದರ್ಜಿ, ಕಿಟಕಿಯ ಹತ್ತಿರ ಉಳಿದವರು, ಎಲ್ಲರೂ ಅವನ ಕಡೆ ತಿರುಗಿದರು. ಅವನು ಪಟ್ಟಿಯ ಹಾಳೆ ತೆಗೆದು ದರ್ಜಿಯ ಕೈಗೆ ಕೊಟ್ಟು, ‘ನಾನು ಇಲ್ಲಿಯವನಲ್ಲಪ್ಪ,’ ಅಂದ. ಹೆಂಡತಿಯ ಕಡೆ ತಿರುಗಿದ. ನಾಲಿಗೆಗೆ ರೂಢಿಯಿಲ್ಲದ ಮಾತು, ಹೊರಗೆ ಬರಲು ಹೊತ್ತು ಹಿಡಿಯಿತು.

‘ನನ್ನ ಹೆಸರು ಬರೀಲಾ?’

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನುವ ಹಾಗೆ.

‘ಬುಧವಾರದವರೆಗೆ ಟೈಮಿದೆ. ಯೋಚನೆ ಮಾಡಿ ಹೇಳ್ತೀನಿ,’ ಅಂದಳು. ಫಾರಂ ಮಡಿಸಿ ಚೀಲದೊಳಗೆ ಹಾಕಿ, ಚೀಲವನ್ನು ಅವನ ತೊಡೆಯ ಮೇಲಿಟ್ಟು, ‘ಇದನ್ನ ಹಿಡ್ಕೊಂಡಿರಿ. ಮುಖ ತೊಳ್ಕೊಂಡು ಬರ್ತೀನಿ,’ ಎಂದು ಎದ್ದು ಹೋದಳು.

ಅವನು ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ.